ಜುಮಾಗೆ ಸಿಗದ ಮನೆ

ಕುಂಬಾರಕೊಪ್ಪಲು, ಮೈಸೂರು
ಆಗಸ್ಟ್ ೨೦೦೫

ಪ್ರೀತಿಯ ಜುಮಾ,

ನಿನಗೆ ಕನ್ನಡ ಓದಲು ಬಾರದು. ನಿನ್ನೂರು ದಾರ್ ಎಸ್ ಸಲಾಮಿನಲ್ಲಿ ಇದನ್ನು ಓದಿ ಹೇಳುವವರೂ ಸಿಗಲಾರರು. ಆದರೂ ಈ ಸಿಟ್ಟನ್ನು ಬೇರೆ ಭಾಷೆಯಲ್ಲಿ ಬರೆಯಲು ನನ್ನಿಂದಾಗದು.

ವಿಶ್ವನಾಥ್ ಮೇಷ್ಟ್ರು ನಡೆಸುವ ಫಿಲಂ ಸೊಸೈಟಿಯ ವಾರ್ಷಿಕೋತ್ಸವದ ಆಹ್ವಾನ ನಿನ್ನೆ ಬಂತು. ಅದರ ಮೇಲೆ ನಿನ್ನ ಫೋಟೋ! ವೇದಿಕೆಯಲ್ಲಿ ಮೈಕ್ ಹಿಡಿದು ನಿಂತಿದ್ದೀಯ. ಕೆಳಗೆ ‘ನಮ್ಮ ಆಫ್ರಿಕನ್ ಗೆಳೆಯ’ ಎಂದು ಅಚ್ಚು ಹಾಕಿಸಿದ್ದಾರೆ. ಗೆಳೆಯನಂತೆ! ಮೈಯೆಲ್ಲ ಉರಿದುಹೋಯಿತು.

ತೊಂಬತ್ತೆಂಟರ ಆ ಭಾನುವಾರವನ್ನು ನೀನು ಮರೆತಿರಲಾರೆ. ಮೈಸೂರಿಗೆ ಓದಲು ಬಂದಿದ್ದ ನಿನಗೆ ಪರೀಕ್ಷೆ ಹತ್ತಿರ ಬಂದಿತ್ತು, ನೀನಿದ್ದ ರೂಮನ್ನು ಖಾಲಿ ಮಾಡಿಸಿದ್ದರು. ಬೆಳಿಗ್ಗೆ ನಾವಿಬ್ಬರೂ ಯಾದವಗಿರಿಯಲ್ಲಿ ಮೇಷ್ಟ್ರ ಗೇಟಿನ ಮುಂದೆ ನಿಂತಿದ್ದೆವು. ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು. ಮೇಷ್ಟ್ರು ನಿನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೇರೆಯವರಿಗೆ ಮಾತು ಕೊಟ್ಟಾಗಿದೆ” ಅಂದರು. ಮಧ್ಯಾಹ್ನ ಮತ್ತೆ ಆ ದಾರಿಯಲ್ಲಿ ಬಂದಾಗಲೂ ಬೋರ್ಡು ಹಾಗೇ ಇತ್ತು.

ಸಂಜೆ ಅದೇ ಮೇಷ್ಟ್ರು ಸೊಸೈಟಿಯಲ್ಲಿ ಸಿನಿಮಾ ತೋರಿಸಿದರು. ಅಮೆರಿಕದ ಮೂವರು ಕಪ್ಪು ಅಣ್ಣತಮ್ಮಂದಿರು ಅಪ್ಪನ ಮಣ್ಣಿಗೆಂದು ಹಳೇ ಕಾರಿನಲ್ಲಿ ಊರಿಗೆ ಹೊರಟ ಕಥೆ. ದಾರಿಯುದ್ದಕ್ಕೂ ಪೊಲೀಸರು ತಡೆಯುತ್ತಾರೆ, ಹೋಟೆಲಿನವರು ಗುಮಾನಿಯಿಂದ ನೋಡುತ್ತಾರೆ. ಗಂಡಸು ಅಳಬಾರದೆಂದು ತಮ್ಮಂದಿರನ್ನು ಗದರುತ್ತಿದ್ದ ದೊಡ್ಡಣ್ಣ, ಕೊನೆಗೆ ರಸ್ತೆ ಬದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಾನೆ. ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಮೇಷ್ಟ್ರೂ!

ಆಮೇಲೆ ಅವರು ನಿನ್ನನ್ನು ವೇದಿಕೆಗೆ ಕರೆದು, “ನಿಮ್ಮ ಜನರ ನೋವಿನ ಬಗ್ಗೆ ಎರಡು ಮಾತಾಡಿ” ಅಂದರು. ನೀನು ಮೈಕ್ ಹಿಡಿದಾಗ ಯಾರೋ ಫೋಟೋ ತೆಗೆದರು, ಈ ಆಹ್ವಾನದ ಮೇಲಿರುವುದು ಅದೇ. ನೀನು ಅರೆಬರೆ ಕನ್ನಡದಲ್ಲೇ ಕೇಳಿದೆ: “ಸಾರ್, ನಿಮ್ಮ ಮನೆ ಇನ್ನೂ ಖಾಲಿ ಇದೆ. ನನಗೆ ಯಾಕೆ ಕೊಡಲ್ಲ?”

“ಇದು ಸಿನಿಮಾ ಚರ್ಚೆ ಕಣಪ್ಪ, ಸ್ವಂತ ವಿಷಯ ಬೇಡ” ಅಂದು ಮೈಕ್ ಕಿತ್ತುಕೊಂಡರು. ನಾನು ಎದ್ದು ನಿಂತು ಬೆಳಿಗ್ಗೆ ನಡೆದದ್ದನ್ನೆಲ್ಲ ಕೂಗಿ ಹೇಳಿದೆ. ಒಬ್ಬರಾದರೂ ದನಿಗೂಡಿಸಬೇಕಲ್ಲ? “ಮಹದೇವು, ಸುಮ್ನೆ ಕೂತ್ಕೊಳ್ಳೋ” ಅಂದರು ಪಕ್ಕದವರು, ಅಷ್ಟೇ.

ಅವತ್ತೇ ನಿನ್ನ ಪೆಟ್ಟಿಗೆ ನಮ್ಮನೆಗೆ ಬಂತು. “ಮೊದ್ಲು ಉಣ್ಣಪ್ಪ, ಆಮೇಲೆ ಓದ್ಕೊಳ್ಳುವಂತೆ” ಅಂದಳು ಅವ್ವ. ತಟ್ಟೆಯ ಮುಂದೆ ಕೂತು ನೀನು ಮೆಲ್ಲಗೆ ಅಂದೆ: “ನನ್ನ ಕಂಡ್ರೆ ಎಲ್ಲರಿಗೂ ಭಯ. ನನಗೂ ಭಯ ಆಗತ್ತೆ ಅಂತ ಯಾರಿಗೂ ಗೊತ್ತಿಲ್ಲ.” ಅವ್ವ ಮುದ್ದೆ ಬಡಿಸುತ್ತಾ, “ಭಯ ಆದ್ರೆ ಲೈಟ್ ಹಾಕ್ಕಂಡೇ ಮನೀಕೊ” ಅಂದುಬಿಟ್ಟಳು. ನೀನು ನಕ್ಕೆ. ಪರೀಕ್ಷೆ ಮುಗಿಸಿ, ಪಾಸಾಗಿ, ನಮ್ಮನೆಯಿಂದಲೇ ನಿನ್ನೂರಿಗೆ ಹೊರಟೆ.

ಇವತ್ತು ಮೇಷ್ಟ್ರ ಮನೆಗೇ ಹೋಗಿ ಕೇಳಿದೆ. “ಹಳೇದೆಲ್ಲ ಈಗ್ಯಾಕೋ? ಫೋಟೋ ಚೆನ್ನಾಗಿತ್ತು, ಹಾಕಿಸಿದೆ” ಅಂದರು. ಮುಖದಲ್ಲಿ ಒಂಚೂರೂ ಅಳುಕಿಲ್ಲ. “ಫೋಟೋಗೆ ಬೇಕು, ಮನೆಗೆ ಬೇಡ, ಅಲ್ವಾ ಸಾರ್?” ಅಂದು ಎದ್ದು ಬಂದೆ. ಸಮಾರಂಭಕ್ಕೆ ಮಾತ್ರ ಹೋಗಿಯೇ ಹೋಗುತ್ತೇನೆ. ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಈ ಫೋಟೋ ಯಾವ ಗಳಿಗೆಯದು ಅಂತ ಹೇಳುತ್ತೇನೆ.

ನೀನು ದೊಡ್ಡ ಮನಸ್ಸಿನವನು, ಕ್ಷಮಿಸಿರಬಹುದು. ನಾನು ಕ್ಷಮಿಸಿಲ್ಲ, ಜುಮಾ.

ನಿನ್ನ ಮಕ್ಕಳು ಯಾವ ಊರಿಗೆ ಓದಲು ಹೋದರೂ, ಮೊದಲು ತಟ್ಟಿದ ಬಾಗಿಲೇ ತೆರೆಯಲಿ.

ನಿನ್ನ,
ಮಹದೇವು