ಸ್ಪಷ್ಟವಾಗಿ ಇಳಿದ ಗೆರೆ

ಮಾರ್ಚ್ 4, ಬೆಳಿಗ್ಗೆ 7
ಚಾರ್ಜರಿನಿಂದ ಹೆಜ್ಜೆ ಅಳೆಯುವ ಪಟ್ಟಿ ತೆಗೆದು ಎಡಗಾಲಿಗೆ ಹಾಕಿದ್ದಾಯಿತು. ಹೊಸ ಔಷಧಿಯ ಅಧ್ಯಯನಕ್ಕೆ ಸೇರಿ ಏಳನೇ ತಿಂಗಳು. ಗುಳಿಗೆಯೂ ನುಂಗಿದೆ. ಸ್ನಾಯು ಕರಗುವುದು ನಿಂತಿದೆಯೋ ಇಲ್ಲವೋ, ಅದನ್ನು ನನ್ನ ಹೆಜ್ಜೆ ಹೇಳುತ್ತದಂತೆ. ಎಷ್ಟು ದೂರ, ಎಷ್ಟು ವೇಗ — ಎಲ್ಲ ಸಾಂತಿಯಾಗೊದ ಆಸ್ಪತ್ರೆಗೆ ಹೋಗುತ್ತದೆ.
ಕೆಳಗಿನ ರಸ್ತೆಯಿಂದ ಮನೆಗೆ ತೊಂಬತ್ತಾರು ಮೆಟ್ಟಿಲು. ಶಾಲೆಯ ಅಡುಗೆ ಕೆಲಸ ಬಿಟ್ಟಮೇಲೆ ಇಳಿಯಲೊಂದು ನೆವ ಬೇಕು. ಬ್ರೆಡ್ಡಿನ ನೆವ.

ಮಾರ್ಚ್ 19
ನಿಬಾಲ್ದೋ ಬಸ್ ಡ್ಯೂಟಿ ಮುಗಿಸಿ ಬಂದಾಗ ನಲವತ್ತನೇ ಮೆಟ್ಟಿಲ ಮೇಲೆ ಕೂತಿದ್ದೆ.
"ಮತ್ತೆ ಇಳಿದ್ಯಾ? ಬ್ರೆಡ್ ನಾನು ತರ್ತಿರ್ಲಿಲ್ವಾ ಮಹರಾಯ್ತಿ!"
"ನೀನು ನಡೆದ್ರೆ ನನ್ನ ಲೆಕ್ಕಕ್ಕೆ ಬರುತ್ತಾ?"
ಬೆನ್ನ ಮೇಲೆ ಹೊತ್ತುಕೊಂಡು ಹೋದ. ಹೆಂಡತಿಯನ್ನು ಹೊತ್ತ ಗಂಡನನ್ನು ಪಟ್ಟಿ ಏನೆಂದು ಬರೆದುಕೊಂಡಿತೋ...

ಜೂನ್ 2
ಮೊನ್ನೆ ಬಿದ್ದೆ. ಮೊಣಕಾಲು ಊದಿದೆ. ಅಧ್ಯಯನದ ನರ್ಸ್ ಯಾಸ್ನಾಳ ಫೋನ್.
"ಒಫೆಲಿಯಾ ಅಕ್ಕಾ, ಎರಡು ದಿನದಿಂದ ಹೆಜ್ಜೆನೇ ಬರ್ತಿಲ್ಲ. ಪಟ್ಟಿ ಕೆಟ್ಟಿದ್ಯಾ?"
"ಪಟ್ಟಿ ಗಟ್ಟಿಮುಟ್ಟಾಗಿದೆ ಕಣೇ."

ಸೆಪ್ಟೆಂಬರ್ 10
ಡಾಕ್ಟರ್ ಉರ್ರುತಿಯಾ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಗುಳಿಗೆಯಿಂದ ಪ್ರಯೋಜನವಾಗಲಿಲ್ಲ. ನಿಲ್ಲಿಸುತ್ತಾರೆ. ಆಮೇಲೆ ಪರದೆ ನಮ್ಮ ಕಡೆ ತಿರುಗಿಸಿದರು. ಇಳಿಯುತ್ತಾ ಬಂದ ಒಂದು ಗೆರೆ. ನಾನು.
"ಆದ್ರೆ ಪಟ್ಟಿ ಗೆದ್ದಿದೆ. ಇಲ್ಲಿ ನಾವು ಗಡಿಯಾರ ಹಿಡಿದು ನಡೆಸಿದಾಗ ಕಾಣದ್ದನ್ನ ಅದು ತಿಂಗಳುಗಳ ಮೊದಲೇ ಹಿಡೀತು. ಎಲ್ಲರಿಗಿಂತ ನಿಮ್ಮ ಗೆರೆನೇ ಸ್ಪಷ್ಟ."
ಹೊಗಳಿಕೆ!
ನಿಬಾಲ್ದೋ ಎದ್ದು ನಿಂತ. "ಅಂದ್ರೆ ಪಟ್ಟಿಗೆ ವಾಸಿಯಾಯ್ತು. ನನ್ನ ಹೆಂಡ್ತಿಗೆ?"
ಡಾಕ್ಟರ್ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಇನ್ನೊಂದು ವರ್ಷ ಪಟ್ಟಿ ಕಟ್ಟಿಕೊಂಡರೆ ಮುಂದಿನ ಔಷಧಿಯ ಪರೀಕ್ಷೆ ಬೇಗ ಮುಗಿಯುತ್ತದಂತೆ. ಬೇರೆಯವರಿಗಾಗಿ. ಬಿಚ್ಚಿ ಅವರ ಮೇಜಿನ ಮೇಲಿಟ್ಟು ಬಂದೆ.

ಅಕ್ಟೋಬರ್ 27
ತಂಗಿ ಮಿರೇಯಾ ಸಂಜೆಯ ಟೀಗೆ ಬಂದಿದ್ದಳು. ಇಪ್ಪತ್ತೊಂಬತ್ತು ವಯಸ್ಸು. ನಿಬಾಲ್ದೋ ಆವಕಾಡೊ ಜಜ್ಜಿ ಬ್ರೆಡ್ಡಿಗೆ ಹಚ್ಚಿ ಕೊಟ್ಟ. ನಗುತ್ತಾ ಹೊರಟವಳು ಎರಡೂ ಕೈ ತೊಡೆಗೆ ಒತ್ತಿ ಎದ್ದಳು. ನನಗೂ ಹೀಗೇ ಶುರುವಾದದ್ದು. ಒಂದೇ ರಕ್ತ.
"ಯಾಕಕ್ಕಾ ಹಾಗೆ ನೋಡ್ತೀಯ?"
"ದಪ್ಪ ಆಗಿದ್ದೀಯ" ಎಂದೆ. ಬೇರೇನು ಹೇಳಲಿ?
ಅವಳು ಹೋದಮೇಲೆ ಯಾಸ್ನಾಗೆ ಫೋನ್ ಮಾಡಿದೆ.

ಅಕ್ಟೋಬರ್ 30, ಸಂಜೆ
ಯಾಸ್ನಾ ಪಟ್ಟಿ ತಂದುಕೊಟ್ಟು ಹೋದಳು. ಬಗ್ಗಲು ಆಗಲಿಲ್ಲ. ನಿಬಾಲ್ದೋ ನೆಲಕ್ಕೆ ಕೂತು ಕಟ್ಟಿದ. ಯಾಕೆಂದು ಹೇಳಲು ಬಾಯಿ ತೆರೆದೆ.
"ಗೊತ್ತು. ಅವತ್ತು ಮಿರೇಯಾ ಎದ್ದಿದ್ದು ನಾನೂ ನೋಡ್ದೆ. ಅವಳಿಗೆ ಯಾರು ಹೇಳೋದು?"
ಫೋನ್ ಬರುತ್ತಿದೆ. ಮಿರೇಯಾ —