ಬಡಗಬಾಗಿಲಿನಿಂದ ಹೊರಟವರು

ಮೂರನೇ ಕಡಲಗೋಡೆಯ ಒಂಬತ್ತನೇ ವರ್ಷ, ಉಬ್ಬರದ ತಿಂಗಳು, ತಾರೀಕು ಮೂವತ್ತೇಳು.

ಮಣಿಗಳ ಲೆಕ್ಕ ಬರೆದ ಹಿರಿಯರಿಗೆ, ನಿಮ್ಮ ನಂತರದ ಹತ್ತನೇ ತಲೆಮಾರಿನ ಗುಲಾಬಿ ಮಾಡುವ ನಮಸ್ಕಾರ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ನಮಗೆ ಉಳಿದಿರುವುದು ನಿಮ್ಮ ಕಂಪ್ಯೂಟರಿನೊಳಗೆ ಮಾತ್ರ.

ದ್ರವದಲ್ಲಿ ತೇಲುವ, ಕಣ್ಣಿಗೆ ಕಾಣದ ಮಣಿಗಳನ್ನು ಎರಡು ಗೋಡೆಗಳ ನಡುವೆ ಒಂದೇ ಪದರದಲ್ಲಿ ಹರಡಿದರೆ ಅವು ಹೇಗೆ ಸಾಲುಗಟ್ಟಿ ಹರಳಾಗುತ್ತವೆಂದು ನೀವು ಆ ಕಂಪ್ಯೂಟರಿನಲ್ಲಿ ಆಡಿಸಿ ನೋಡಿದ್ದಿರಿ. ನಿಮಗದು ಸಂಶೋಧನೆ; ನಮಗೆ ಅದೇ ಊರಿನ ಕಾನೂನು. ನಮ್ಮ ಊರೂ ಹಾಗೆಯೇ: ಪಡುವಣದಲ್ಲಿ ಕಡಲಗೋಡೆ, ಮೂಡಣದಲ್ಲಿ ಬೆಟ್ಟ, ನಡುವೆ ಉದ್ದನೆಯ ಪಟ್ಟಿ. ನಿಮ್ಮ ಮಣಿಗಳಂತೆ ಪ್ರತಿ ಮನೆಯ ಸುತ್ತ ಆರು ಮನೆ ಬರುವಂತೆ ಕಟ್ಟಿದೆವು, ಬಿರುಗಾಳಿಗೆ ಒಂದು ಹೆಂಚೂ ಹಾರಲಿಲ್ಲ. ಅಂದಿನಿಂದ ನಿಮ್ಮ ಲೆಕ್ಕ ತಪ್ಪೆನ್ನುವ ಧೈರ್ಯ ಯಾರಿಗೂ ಇಲ್ಲ.

ಕಡಲು ಏರಿದಾಗ ಗೋಡೆಯನ್ನು ಒಳಕ್ಕೆ ಸರಿಸುತ್ತೇವೆ. ಜಾಗ ಸಾಲದೆ ಮನೆಗಳ ಒಂದು ಸಾಲು ಒಡೆಯುತ್ತದೆ; ಇದಕ್ಕೆ ಸಾಲೊಡೆತ ಎನ್ನುತ್ತೇವೆ. ನಿಮ್ಮ ಕಂಪ್ಯೂಟರಿನ ಪರದೆಯ ಮೇಲೆ, ಒಡೆದ ಸಾಲಿನ ಮಣಿಗಳು ಬಲತುದಿಯಿಂದ ಹೊರಬಿದ್ದು, ಎಡತುದಿಯಿಂದ ಒಳಬಂದು, ಉಳಿದ ಸಾಲುಗಳಲ್ಲಿ ಸೇರಿಕೊಳ್ಳುತ್ತವೆ. ಕಡಲಿಗೆ ಮುಖ ಮಾಡಿ ನಿಂತರೆ ನಮಗೆ ಬಲಕ್ಕೆ ಬಡಗು, ಎಡಕ್ಕೆ ತೆಂಕು. ಆದ್ದರಿಂದ ಸಾಲಿನವರು ಬಡಗಬಾಗಿಲಿನಿಂದ ಹೊರಡುತ್ತಾರೆ, ಬೇರೆ ಸಾಲುಗಳಲ್ಲಿರುವ ನೆಂಟರು ಬಿಸಿ ಗಂಜಿ ಹಿಡಿದು ತೆಂಕಬಾಗಿಲಲ್ಲಿ ಅವರಿಗಾಗಿ ಕಾಯುತ್ತಾರೆ.

ಕಳೆದ ಸಾಲೊಡೆತದಲ್ಲಿ ನನ್ನ ಮಗಳು ವಾರಿಜಾ ಹಾಗೆಯೇ ಹೊರಟಳು. "ಅಮ್ಮ, ಗಂಜಿಗೆ ಚಟ್ನಿ ಮರೀಬೇಡಿ ಆಯ್ತಾ," ಎಂದಿದ್ದಳು. ಅವಳೂ ಬರಲಿಲ್ಲ, ಜೊತೆಗೆ ಹೋದವರೂ ಬರಲಿಲ್ಲ. ದಾರಿ ದೂರ ಉಂಟು, ಬರ್ತಾರೆ ಎನ್ನುತ್ತಾರೆ ಊರಿನ ಯಜಮಾನರು.

ನಿಮ್ಮ ಆ ಕಂಪ್ಯೂಟರ್ ಯಂತ್ರವನ್ನು ಈಗ ನೋಡಿಕೊಳ್ಳುವವಳು ನಾನೇ. ಒಂದು ಮಣಿಗೆ ಕೆಂಪು ಬಣ್ಣ ಕೊಟ್ಟು ಕಣ್ಣು ಮಿಟುಕಿಸದೆ ನೋಡಿದೆ. ಬಲತುದಿಯಲ್ಲಿ ಮಾಯವಾದ ಕ್ಷಣವೇ ಅದು ಎಡತುದಿಯಲ್ಲಿತ್ತು. ಅದು ನಡೆದು ಬರಲಿಲ್ಲ. ನಡುವೆ ದಾರಿಯೇ ಇಲ್ಲ! ತುದಿಯಲ್ಲಿ ಮಣಿಗಳು ಏನಾಗುತ್ತವೆಂದು ಲೆಕ್ಕ ಹಾಕುವ ತಲೆನೋವು ಬೇಡವೆಂದು ನೀವೇ ಅದನ್ನು ಎತ್ತಿ ಆ ಕಡೆ ಇಟ್ಟಿದ್ದೀರಿ. ಎದೆ ಬಡಿದುಕೊಂಡು ಅತ್ತೆ. ಯಜಮಾನರನ್ನು ಕರೆದು ತೋರಿಸಿದೆ. "ನೋಡಿ, ಬಂತಲ್ಲ!" ಎಂದು ಅವರು ಸಂತೋಷಪಟ್ಟರು.

ನಾಳೆ ಮತ್ತೆ ಸಾಲೊಡೆತ. ಈ ಸಲ ಬೇರೊಂದು ಸಾಲಿನಲ್ಲಿರುವ ವಾರಿಜಾಳ ಮಗಳು ತಾರಿಣಿಯ ಸರದಿ. ನಾನು ಎಷ್ಟು ಹೇಳಿದರೂ ನಂಬದೆ ಖುಷಿಯಿಂದ ಗಂಟು ಕಟ್ಟುತ್ತಿದ್ದಾಳೆ. "ಅಜ್ಜಿ, ಅಮ್ಮ ದಾರಿಯಲ್ಲೇ ಸಿಗ್ತಾರಲ್ಲ?" ಎಂದು ಕೇಳುತ್ತಾಳೆ.

ಕೈಮುಗಿದು ಬೇಡುತ್ತೇನೆ. ನೀವು ಯಂತ್ರವನ್ನು ಮುಚ್ಚಿಡುವ ಮೊದಲು ಆ ಎರಡು ತುದಿಗಳಿಗೂ ಒಂದೊಂದು ಗೋಡೆ ಹಾಕಿ. ಮಣಿಗಳು ಅದಕ್ಕೆ ಬಡಿದು ಹಿಂದಿರುಗಲಿ. ಅದನ್ನು ಕಂಡಿದ್ದರೆ ನಮ್ಮವರು ಬಡಗಬಾಗಿಲನ್ನೇ ಇಡುತ್ತಿರಲಿಲ್ಲ. ಇಕ್ಕಟ್ಟಾದರೂ ಎಲ್ಲರೂ ಒಳಗೇ ಇರುತ್ತಿದ್ದೆವು.

ಈ ಕಾಗದವನ್ನು ಪರದೆಯ ಬಲತುದಿಯಿಂದ ಹೊರಬಿಡುತ್ತಿದ್ದೇನೆ. ನಿಮ್ಮ ಲೆಕ್ಕದಂತೆ ಅದು ನಿಮ್ಮ ಎಡತುದಿಯಲ್ಲಿ ಒಳಬರಬೇಕು. ದಾರಿಯಿಲ್ಲವೆಂದು ಗೊತ್ತು. ಆದರೂ ನಾಳೆ ಗಂಜಿಯನ್ನು ಇಬ್ಬರಿಗಾಗುವಷ್ಟು ಮಾಡುತ್ತೇನೆ, ಚಟ್ನಿಯನ್ನೂ.