ತೌಡಿನ ಚೀಲ

ವೀರೇಶಣ್ಣ,

ನಾನು ಲಿಂಗಸುಗೂರಿನ ಬಸ್ಸಿಗೆ ಹೊರಟಿದ್ದೇನೆ. ಪವರ್‌ಲಿಫ್ಟಿಂಗ್ ಕೋಚ್ ಹತ್ತಿರ ಇವತ್ತೇ ಹೆಸರು ಹಚ್ಚುತ್ತೇನೆ. ಹಾಲು ಕಾಸಿಟ್ಟಿದ್ದೇನೆ, ಆರಿದ ಮೇಲೆ ಹೆಪ್ಪು ಹಾಕು.

ನಿನ್ನೆ ಊಟಕ್ಕೆ ಕುಳಿತಾಗ ನೀನು ಆಡಿದ್ದು ಇನ್ನೂ ಕಿವಿಯಲ್ಲಿದೆ. "ಅಪ್ಪ ಗಂಜ್ ಮಾರ್ಕೆಟ್ಟಿನ್ಯಾಗ ಮೂವತ್ತು ವರ್ಷ ಭತ್ತದ ಚೀಲ ಹೊತ್ತಾನ. ಅವಂಗ ಯಾವ ಕೋಚ್ ಇದ್ದ? ರಾಡ್ ಹಿಡಿದು ಎರಡು ತಿಂಗಳಾಗಿಲ್ಲ, ಇಕಿಗೆ ಕೋಚ್ ಬೇಕಂತ!" ನಾನು ಮೊಬೈಲ್ ನೋಡಿ ಭಾರ ಎತ್ತಲು ಹೋಗಿ, ಸೊಂಟ ಹಿಡಿದು ನಾಲ್ಕು ದಿನ ಮಲಗಿದ್ದೆ. ಅದಕ್ಕೂ ನೀನು ನಕ್ಕೆ. ಅಪ್ಪ ಸುಮ್ಮನಿದ್ದ. ಆ ಮೌನವನ್ನು ನಿನ್ನ ಮಾತಿಗೆ ಒಪ್ಪಿಗೆ ಅಂದುಕೊಂಡೆಯಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ನೀನು ಕೈ ತೊಳೆಯಲು ಎದ್ದ ಮೇಲೆ ಅಪ್ಪ ಮೆಲ್ಲಗೆ ಅಂದ: "ನಮ್ಮ ಹಮಾಲರ ಉಸ್ತಾದ್ ಬಾಬುಸಾಬ್ ಮೊದಲ ಎಂಟು ದಿನ ನನಗ ಬರೀ ತೌಡಿನ ಚೀಲ ಹೊರಿಸಿದ್ನವ್ವಾ. ಹೆಜ್ಜಿ ನೆಟ್ಟಗಾದ ಮ್ಯಾಲೇ ಭತ್ತ."

ಕೇಳಿದ್ದರೆ ನಿನಗೂ ಹೇಳುತ್ತಿದ್ದ. ನೀನು ಯಾವತ್ತೂ ಕೇಳಲಿಲ್ಲ.

ಗೂಟದ ಮೇಲೆ ಅಪ್ಪ ಚೀಲ ಹೊರುವಾಗ ಕಟ್ಟುವ ಸೊಂಟದ ಪಟ್ಟಿ ಕಾಣದಿದ್ದರೆ ಹುಡುಕಬೇಡ. ಅವನೇ ಅದನ್ನು ಮಡಚಿ ನನ್ನ ಬ್ಯಾಗಿಗೆ ಹಾಕಿದ್ದಾನೆ.

ನಾಗವೇಣಿ